ಆವರಣದ ಹಿಂದಿನ ಕಳೆಯುವ ಚಿಹ್ನೆ

ಅಕ್ಟೋಬರ್ ೧೪, ಮಂಗಳವಾರ. ಚೋಮಾ

ಮುತಿಂತಾ ಇವತ್ತೂ ಅದೇ ತಪ್ಪು ಮಾಡಿದಳು. (7x² + 4x) − (2x² + 3x) ಲೆಕ್ಕಕ್ಕೆ 5x² + 7x ಎಂದು ಬರೆದಿದ್ದಾಳೆ. x² ಪದಗಳನ್ನು ಸರಿಯಾಗಿ ಕಳೆದು, x ಪದಗಳನ್ನು ಕೂಡಿಬಿಟ್ಟಿದ್ದಾಳೆ. ನಾಳೆಯೇ ಪರೀಕ್ಷೆ. ಮೂರನೇ ಸಲವೂ ಗಣಿತ ಹೋದರೆ ನರ್ಸಿಂಗ್ ಶಾಲೆಯ ಆಸೆ ಬಿಡಬೇಕು.

"ಕಳೆಯುವ ಚಿಹ್ನೆ ಆವರಣದೊಳಗಿನ ಎರಡಕ್ಕೂ ಸೇರಿದ್ದು," ಎಂದು ಮತ್ತೆ ಹೇಳಿದೆ.

"ಯಾರ ಮನೆಗಾದ್ರೂ ಹೋದಾಗ ಎಲ್ಲರಿಗಿಂತ ಹಿರಿಯರೊಬ್ಬರಿಗೆ ಕೈ ತಟ್ಟಿ ನಮಸ್ಕಾರ ಮಾಡಿದ್ರೆ ಸಾಕಲ್ವಾ ಮೇಷ್ಟ್ರೇ? ಎಲ್ಲರಿಗೂ ಸಂದ ಹಾಗೇ. ಚಿಹ್ನೇನೂ ಮೊದಲನೇದಕ್ಕೆ ಹಾಕಿದ್ರೆ ಸಾಲದಾ?"

ಚಾಕ್‌ಪೀಸ್ ಮೇಜಿನ ಮೇಲೆ ಎಸೆದು ಬಂದೆ.

ಅದೇ ಸಿಟ್ಟಿನಲ್ಲಿ ಪಕ್ಕದ ಮನೆಯ ಮುದುಕನಿಗೆ ಮಾತ್ರ ಕೈ ತಟ್ಟಿ ಮುಂದೆ ನಡೆದೆ. ಪಕ್ಕದಲ್ಲೇ ಕೂತಿದ್ದ ಅವನ ಹೆಂಡತಿ ಕೂಗಿದಳು: "ಏನಪ್ಪಾ, ನಾನೇನು ಗೋಡೆಯಾ?"

ತಿರುಗಿ ಹೋಗಿ ಅವಳಿಗೂ ಕೈ ತಟ್ಟಿದೆ.

ನಾಳೆ ಪರೀಕ್ಷೆ ಎಂಟಕ್ಕೆ. ಏಳಕ್ಕೇ ಶಾಲೆಯ ಗೇಟಿನ ಬಳಿ ನಿಂತು, ಆ ಅಜ್ಜಿಯ ಮಾತನ್ನಾದರೂ ಮುತಿಂತಾಗೆ ಹೇಳಬೇಕು: ಆವರಣದೊಳಗಿನ ಎರಡನೆಯ ಪದವೂ ಗೋಡೆಯಲ್ಲ.