ನಡೆಯುತ್ತಿರುವ ಹದಿನಾರು

ಸಾಲಿಗ್ರಾಮ
೩೦-೫-೨೦೦೪

ಪ್ರೀತಿಯ ತಮ್ಮ ದಿನಕರನಿಗೆ,

ನಿನ್ನ ಅಕ್ಕ ಗೋಮತಿಯ ಹಾರೈಕೆ. ಮುಂಬಯಿಯಲ್ಲಿ ನಿನ್ನ ಹೋಟೆಲಿನ ಒಲೆ ಆರದಿರಲಿ, ನಿನ್ನ ತಲೆ ಬಿಸಿಯಾಗದಿರಲಿ.

ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಬೇಡ. ನೆಲಗಡಲೆಯನ್ನು ಅಂಗಳದಲ್ಲಿ ಒಣಗಲು ಹಾಕಿದ್ದೇ ತಡ, ಈ ಸಲ ಮಳೆ ಹೇಳದೆ ಕೇಳದೆ ಬಂದುಬಿಟ್ಟಿತು. ಬಾಚಿ ಬಾಚಿ ಒಳಗೆ ತಂದು ಹರಡಿದೆವು. ಚಾವಡಿ, ದೇವರ ಕೋಣೆಯ ಎದುರು, ಮಂಚದ ಅಡಿ, ಎಲ್ಲಿ ಕಾಲಿಟ್ಟರೂ ಕಡಲೆ. ನಿನ್ನ ಭಾವ ಮಲಗಲು ಜಾಗವಿಲ್ಲದೆ ಜಗಲಿಯಲ್ಲಿ ಸೊಳ್ಳೆ ಹೊಡೆಯುತ್ತ, "ಈ ಮನಿಯಂಗೆ ಕಡ್ಲಿಗಿಪ್ಪೋ ಮರ್ಯಾದಿ ನಂಗಿಲ್ಲೆ" ಎಂದು ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಕಾಗದ ಬರೆಯಲು ಕೂರೋಣವೆಂದರೆ ನನಗೂ ಜಾಗ ಇರಲಿಲ್ಲ ಎಂದು ತಿಳಿದುಕೋ.

ನಿನ್ನ ಮಗಳ ಪಿಯುಸಿ ಫಲಿತಾಂಶ ಫೋನಿನಲ್ಲಿ ಹೇಳಿದ್ದೆನಲ್ಲ. ನೀನು "ಹಾಂ, ಹಾಂ" ಎಂದೆ, ಹಿಂದಿನಿಂದ ಯಾರೋ ಇಡ್ಲಿ ಸಾಂಬಾರಿಗೆ ಕೂಗಿದರು, ಫೋನು ಕಟ್ಟಾಯಿತು. ಆದ್ದರಿಂದ ಇನ್ನೊಮ್ಮೆ ನಿಧಾನವಾಗಿ ಓದು: ಕ್ಷಮಾಳಿಗೆ ಗಣಿತದಲ್ಲಿ ನೂರಕ್ಕೆ ನೂರು. ಕುಂದಾಪುರದ ಕಾಲೇಜಿನವರು ಅವಳ ಹೆಸರನ್ನು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ "ವಯಸ್ಸು ಹದಿನೈದು" ಎಂದೂ ಬರೆದಿದ್ದಾರೆ. ಬಸ್ಸಿನ ಕಂಡಕ್ಟರ್ ಅವಳ ಪಾಸು ನೋಡಿ, "ಹೋಯ್, ಬೋರ್ಡಿನ ಹೆಣ್ಣ್ ನೀನೇಯಾ?" ಎಂದು ಕೇಳಿದನಂತೆ.

ನೀನು ಊರಲ್ಲಿಲ್ಲದ ಕಾಲದ ಕತೆ ಇದು, ಅದಕ್ಕೆ ಹೇಳುತ್ತೇನೆ. ಅವಳು ಹೀಗೆ ಮುಂದೆ ಮುಂದೆ ಓಡಿದ್ದನ್ನು ನಾವು ಯಾರೂ ಮಾಡಿಸಿದ್ದಲ್ಲ. ಐದು ತುಂಬುವ ಮೊದಲೇ ಪಕ್ಕದ ಮನೆಯ ದೀಕ್ಷಾಳ ಲಂಗ ಹಿಡಿದುಕೊಂಡು ಶಾಲೆಗೆ ಹೋದಳು. ಕರೆದುಕೊಂಡು ಬರಲು ಹೋದರೆ ಬೆಂಚಿನ ಕಾಲು ತಬ್ಬಿಕೊಂಡು ಅತ್ತಳು. ಅಣ್ಣಯ್ಯ ಮಾಸ್ಟ್ರು, "ಕೂಕಣ್ಲಿ ಬಿಡಿ ಗೋಮತಮ್ಮ, ಎರಡ್ ದಿನ ಬಿಟ್ರೆ ಅದಕ್ಕೇ ಬೇಜಾರಾತ್ತ್" ಎಂದರು. ಬೇಜಾರು ಆಗಲೇ ಇಲ್ಲ. ಮೂರನೆಯ ಕ್ಲಾಸಿನಿಂದ ಐದಕ್ಕೆ ಹಾರಿಸಿದವರೂ ಅವರೇ. ಹತ್ತನೆಯ ಪರೀಕ್ಷೆಗೆ ವಯಸ್ಸು ಸಾಲದೆ ಅನುಮತಿಗಾಗಿ ಉಡುಪಿಗೆ ಓಡಾಡಿದವರೂ ಅವರೇ. ಅವಳ ಹಿಂದೆ ನಾನೂ ಓದಿದೆ, ಗೊತ್ತಲ್ಲ? ನಾನು ಶಾಲೆಗೆ ಹೋದದ್ದು ಎರಡೇ ವರ್ಷ. ಈಗ ನಿನಗೆ ಬರೆಯುತ್ತಿರುವ ಈ ಒತ್ತಕ್ಷರಗಳೆಲ್ಲ ಅವಳ ಪಾಠದ ಪುಸ್ತಕದಿಂದ ಬಂದವು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅವಳಿಗೆ ಐದು ವರ್ಷ ಒಂದೇ ಕಡೆ ಗಣಿತ ಓದುವ ಆಸೆ. ಮೊದಲು ಹತ್ತಿರದ ಒಂದು ಕಾಲೇಜಿನ ಕಚೇರಿಗೆ ಹೋದೆವು. ಕಿಟಕಿಯ ಒಳಗಿದ್ದವರು ಅಂಕಪಟ್ಟಿ ತಿರುಗಿಸಿ ತಿರುಗಿಸಿ ನೋಡಿ, "ಇಷ್ಟ್ ಅರ್ಜೆಂಟ್ ಎಂತಕ್ಕೆ ಅಮ್ಮ, ರೈಲ್ ತಪ್ಪತ್ತಾ?" ಎಂದರು. ಇಷ್ಟು ಸಣ್ಣ ವಯಸ್ಸಿನಲ್ಲಿ ಪಾಸಾದದ್ದನ್ನು ತಾವು ಪರಿಗಣಿಸುವುದಿಲ್ಲವಂತೆ. ನನಗೆ ಉರಿದು ಹೋಯಿತು. "ತಪ್ಪಿ ಪಾಸಾದ್ದಲ್ಲ ಮಾರಾಯ್ರೆ, ಓದಿ ಪಾಸಾದ್ದ್" ಎಂದೆ. ಕ್ಷಮಾ ನನ್ನ ಸೆರಗು ಎಳೆದು ಸುಮ್ಮನಾಗಿಸಿದಳು.

ಆಮೇಲೆ ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆವು. ಹದಿನಾರು ವರ್ಷ ಆಗಿರಬೇಕು ಎಂದು ಅವರ ಪ್ರಕಟಣೆಯಲ್ಲಿತ್ತು. ನಮ್ಮ ಲೆಕ್ಕದಲ್ಲಿ ಹದಿನಾರೇ ಅಲ್ಲವೆ? ಕಳೆದ ನವರಾತ್ರಿಗೆ ಹದಿನೈದು ತುಂಬಿ ಹದಿನಾರಕ್ಕೆ ಬಿದ್ದಳು. ಯಾರಾದರೂ ಕೇಳಿದರೆ ನೀನೂ ನಾನೂ ಹದಿನಾರೆಂದೇ ಹೇಳುವವರು. ಅವರು ಬರೆದು ಕಳಿಸಿದ್ದಾರೆ: ಹದಿನಾರು ಪೂರ್ತಿ ಆಗಿಲ್ಲ, ನಿಯಮದಂತೆ ಸೇರಿಸಿಕೊಳ್ಳಲು ಬರುವುದಿಲ್ಲ. ಆದರೆ ಕಾಗದ ಅಲ್ಲಿಗೇ ಮುಗಿದಿಲ್ಲ. ಬೇಗ ಪರೀಕ್ಷೆ ಮುಗಿಸಿದ ಮಕ್ಕಳನ್ನು ವಿಭಾಗದವರು ಕರೆದು ಮಾತಾಡಿಸಿ ತೀರ್ಮಾನ ಮಾಡುವುದುಂಟು, ಹಿರಿಯರೊಬ್ಬರ ಜೊತೆ ಬನ್ನಿ ಎಂದಿದೆ.

ನಿನ್ನ ಭಾವನಿಗೆ ಅದನ್ನು ಓದಿ ಹೇಳಿದೆ. ಕಡಲೆ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, "ಹದಿನಾರ್ ನಡಿತಿಪ್ಪುದ್ ಲೆಕ್ಕಕ್ಕಿಲ್ಯಾ? ಹಂಗಾರೆ ನಡಿದೇ ತುಂಬುದ್ ಹ್ಯಾಂಗಂಬ್ರ್?" ಎಂದು ಕೇಳಿದರು.

"ಅವ್ರಿಗೆ ತುಂಬಿದ್ದ್ ಮಾತ್ರ ಲೆಕ್ಕ, ಮಾವ" ಎಂದಳು ಕ್ಷಮಾ. ಅವಳು ನಗಲಿಲ್ಲ.

ಹೇಗಾದರೂ ಈ ವರ್ಷವೇ ಸೇರಬೇಕು, ಒಂದು ವರ್ಷವೂ ಹಾಳಾಗಬಾರದು ಎಂದು ಪಟ್ಟು ಹಿಡಿದಿದ್ದಾಳೆ. ಜೂನ್ ಕೊನೆಗೆ ಹೋಗಿ ಬರುತ್ತೇವೆ. ನೀನು ಅಲ್ಲಿಂದಲೇ ದೇವರಿಗೆ ಕೈಮುಗಿ.

ನಿನ್ನ ಒಳಿತನ್ನೇ ಬಯಸುವ
ಅಕ್ಕ ಗೋಮತಿ


ಸಾಲಿಗ್ರಾಮ
೯-೭-೨೦೦೪

ಪ್ರೀತಿಯ ದಿನಕರನಿಗೆ,

ಅಕ್ಕ ತಲೆ ನೇವರಿಸಿದಳೆಂದು ತಿಳಿದುಕೋ. ಹೋಗಿ ಬಂದು ವಾರ ಕಳೆದ ಮೇಲೆ ಬರೆಯುತ್ತಿದ್ದೇನೆ. ಗದ್ದೆಯ ನಟ್ಟಿಯ ಗಡಿಬಿಡಿ ಎಂದು ಹೇಳಿದರೆ ಅರ್ಧ ಸುಳ್ಳು. ಹೇಗೆ ಬರೆಯುವುದೆಂದು ತಿಳಿಯದೆ ನಾಲ್ಕು ಸಲ ಇನ್‌ಲ್ಯಾಂಡ್ ಬಿಡಿಸಿಟ್ಟು ಎದ್ದುಹೋದೆ.

ಮೊದಲು ಸಂತೋಷದ ಭಾಗ. ಆ ವಿಭಾಗದಲ್ಲಿ ಮೂರು ಜನ ಕೂತಿದ್ದರು. ನಡುವೆ ಇದ್ದವರು ಒಬ್ಬ ಮೇಡಂ, ವಿಭಾಗಕ್ಕೆ ಅವರೇ ದೊಡ್ಡವರಂತೆ. ನೂಲಿನ ಸೀರೆ, ಕೈಗೆಲ್ಲ ಸೀಮೆಸುಣ್ಣ. ನಾನು ಹೊರಗೆ ನಿಲ್ಲಲು ಹೊರಟರೆ, "ನೀವೂ ಕೂತ್ಕೊಳ್ಳಿ ಅಮ್ಮ, ನಿಮ್ಮ ಹುಡುಗಿ, ನಿಮಗೂ ಕೇಳಿಸಲಿ" ಎಂದು ಕುರ್ಚಿ ತರಿಸಿದರು.

ಕನ್ನಡಕದವರೊಬ್ಬರು ಶುರು ಮಾಡಿದರು. "ಎಸ್ಸೆಲ್ಸಿ ಹದಿಮೂರಕ್ಕೇ ಮುಗಿಸಿದೀಯ. ಅಷ್ಟು ಬೇಗ ತೆಗೆದ ಅಂಕಕ್ಕೆ ನಾವು ಎಷ್ಟು ಬೆಲೆ ಕೊಡಬೇಕು, ನೀನೇ ಹೇಳು."

ನಿನ್ನ ಮಗಳು ಹೇಳಿದಳು, "ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಇತ್ತು ಸರ್. ಸಣ್ಣವಳು ಅಂತ ನನಗೆ ಬೇರೆ ಕೊಡಲಿಲ್ಲ."

ಅವರು ನಕ್ಕುಬಿಟ್ಟರು. ಆದರೆ ತಮಾಷೆಯಾಗಿ ಬಿಡಲಿಲ್ಲ. "ಸರಿಯಾದ ಮಾತು. ಬೇಗ ಬರೆದೆ ಅಂತ ನಾವು ಒಂದು ಅಂಕ ಹೆಚ್ಚು ಕೊಡೋದಿಲ್ಲ, ಒಂದು ಅಂಕ ಕಡಿಮೆಯೂ ಮಾಡೋದಿಲ್ಲ. ಬೇಗ ಬರೆದ ಮೇಲೆ ಓದು ಮುಂದೆ ಹೋಗಿದೆಯೋ ಅಲ್ಲೇ ನಿಂತಿದೆಯೋ, ಅಷ್ಟೇ ನೋಡ್ತೇವೆ" ಎಂದರು. ಕಿಟಕಿಯವರ ಮಾತು ಕೇಳಿ ಬಂದ ನನಗೆ ಈ ನ್ಯಾಯದ ಮಾತಿಗೆ ಕಣ್ಣು ತುಂಬಿತು, ತಮ್ಮ.

ಮೇಡಂ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಸೀಮೆಸುಣ್ಣ ಇವಳ ಕೈಗೆ ಕೊಟ್ಟರು. ಅದರ ತಲೆ ಬುಡ ನನಗೆ ತಿಳಿಯದು. ಇವಳು ಬರೆದಳು, ಒರೆಸಿದಳು, ಮತ್ತೆ ಬೇರೆ ದಾರಿಯಲ್ಲಿ ಬರೆದಳು. ಬೋರ್ಡು ತುಂಬಿತು. ಕೊನೆಗೆ ಕೈ ಕೆಳಗಿಟ್ಟು, ಪೇಟೆಯ ಕನ್ನಡವನ್ನೆಲ್ಲ ಮರೆತು, "ಇದ್ ನಂಗೆ ಬತ್ತಿಲ್ಲೆ ಮೇಡಂ" ಎಂದಳು. ನಾನು ಮುಗಿಯಿತೆಂದುಕೊಂಡೆ. ಅಷ್ಟರಲ್ಲಿ ಬೆರಳಿಟ್ಟು ತೋರಿಸಿ, "ಆರೆ ಇಲ್ಲಿವರೆಗೆ ಸಮಾ ಇತ್ತ್. ಇಲ್ಲಿಂದ ಮುಂದೆ ಎಂತಕೆ ಹೋತಿಲ್ಲೆ ಅಂದೇಳಿ ಗೊತ್ತಾಯ್ತ್" ಎಂದು ಸೇರಿಸಿದಳು.

ಆ ಮೇಡಂ ಎದ್ದು ನಿಂತೇಬಿಟ್ಟರು. "ಇದನ್ನ ಬಿಡಿಸಲಿ ಅಂತ ಕೊಟ್ಟದ್ದಲ್ಲ. ಎಲ್ಲಿ ನಿಂತೆ ಅಂತ ತಿಳಿಯುತ್ತಾ ಅಂತ ನೋಡೋಕೆ ಕೊಟ್ಟದ್ದು" ಎಂದರು. ಅಂಥವರ ಎದುರು ಕೂರುವ ಯೋಗ ನನ್ನಂಥವಳಿಗೆ ಬಂತಲ್ಲ ಎಂದು ಈಗಲೂ ನೆನೆಸಿಕೊಳ್ಳುತ್ತೇನೆ.

ತೀರ್ಮಾನವನ್ನು ಅವರು ನನ್ನ ಕಡೆ ತಿರುಗಿ, ನನಗೆ ಅರ್ಥವಾಗುವ ಹಾಗೆ ಹೇಳಿದರು. ಬೇಗ ಬಂದ ಮಕ್ಕಳು ಕೆಲವರು ಹಾಸ್ಟೆಲಿನಲ್ಲಿ ಅತ್ತು ಅತ್ತು ವಾಪಸು ಹೋದದ್ದುಂಟಂತೆ. ಕಾಯಿರಿ ಎಂದರೆ ಇನ್ನು ಕೆಲವರು ಸುಮ್ಮನೆ ಕೂತು ಕಲಿತದ್ದನ್ನೂ ಮರೆತು ಬಂದದ್ದೂ ಉಂಟಂತೆ. ಇವಳಿಗೆ ಎರಡೂ ಆಗಬಾರದು. ಆದ್ದರಿಂದ ಸೀಟು ಇವಳದೇ, ಆದರೆ ಬರುವ ವರ್ಷ. ಅಲ್ಲಿಯವರೆಗೆ ಅವರೇ ಪುಸ್ತಕ ಕೊಡುತ್ತಾರೆ, ತಿಂಗಳಿಗೊಮ್ಮೆ ಅಂಚೆಯಲ್ಲಿ ಲೆಕ್ಕ ಕಳಿಸುತ್ತಾರೆ, ಇವಳು ಬಿಡಿಸಿ ಕಳಿಸಿದ್ದನ್ನು ತಿದ್ದುತ್ತಾರೆ. ಯಾವ ಸಂಬಂಧವೂ ಇಲ್ಲದ ನಮ್ಮ ಹುಡುಗಿಗಾಗಿ!

ನಾನು ಕೇಳಿದೆ, "ವರ್ಷ ಕಳೆದರೆ ಈ ಅಂಕ ಹಳತಾಗುವುದಿಲ್ಲವೇ ಮೇಡಂ?"

"ಅಂಕಕ್ಕೆ ಹುಳ ಬೀಳೋದಿಲ್ಲ ಅಮ್ಮ" ಎಂದರು.

ಹೊರಡುವಾಗ ಇವಳ ಭುಜ ಹಿಡಿದು, "ಇಷ್ಟು ಬೇಗ ಬೇಗ ಯಾಕೆ ಓದಿದೆ ಹೇಳು?" ಎಂದು ಪ್ರೀತಿಯಿಂದ ಕೇಳಿದರು. "ಕ್ಲಾಸಲ್ಲಿ ಸುಮ್ಮನೆ ಕೂತರೆ ಬೇಜಾರಾಗ್ತಿತ್ತು" ಎಂದಳು. ಮೇಡಂ ನನ್ನನ್ನು ನೋಡಿ, "ನೋಡ್ತಿರಿ ಅಮ್ಮ, ಈ ಹುಡುಗಿಯ ಓದು ಮುಗಿಯೋ ಓದಲ್ಲ. ಇವಳ ಜೀವ ಇರೋವರೆಗೂ ಮುಗಿಯೋದಿಲ್ಲ" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಮನೆತನದಲ್ಲಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ನಾನು ಉಬ್ಬಿಹೋದೆ. ಇವಳ ಮುಖ ಮಾತ್ರ ಬಾಡಿತು. ಹಸಿವಿರಬೇಕೆಂದು ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಬನ್ಸ್ ಮುರಿದು ಹಾಗೇ ತಟ್ಟೆಯಲ್ಲಿಟ್ಟಳು.

ಮನೆಯಲ್ಲಿ ನಿನ್ನ ಭಾವ ಎಲ್ಲ ಕೇಳಿ, "ಒಳ್ಳೇದೇ ಆಯ್ತ್. ಈ ವರ್ಷ ನಟ್ಟಿಗೆ ಒಂದ್ ಆಳ್ ಸಿಕ್ತ್" ಎಂದರು. ಹಾಗೆಂದವರೇ ಮರುದಿನ ಕುಂದಾಪುರಕ್ಕೆ ಹೋಗಿ ಮೇಜಿನ ದೀಪ ತಂದು ಅವಳ ಕೋಣೆಯಲ್ಲಿಟ್ಟಿದ್ದಾರೆ. ಮೊದಲ ಅಂಚೆ ನಿನ್ನೆ ಬಂತು. ಓದುತ್ತಿದ್ದಾಳೆ. ಆರೋಗ್ಯವಾಗಿದ್ದಾಳೆ.

ಮಳೆಯಲ್ಲಿ ನೆನೆಯಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ಬಂದ ಗಿರಾಕಿಗಳೆಲ್ಲ ಹೊಟ್ಟೆ ತುಂಬಿ ನಿನ್ನನ್ನು ಹರಸಲಿ.

ನಿನ್ನ ಅಕ್ಕ
ಗೋಮತಿ

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ:

ಬರುವಾಗ ಬಸ್ಸಿನಲ್ಲಿ ಘಟ್ಟ ಇಳಿಯುವವರೆಗೂ ಕ್ಷಮಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ವಾಂತಿ ಬರುತ್ತದೆಯೇನೋ ಎಂದು ನಿಂಬೆಹಣ್ಣು ಕೊಡಲು ಹೋದೆ. ಆಗ ತಿರುಗಿ, "ಅತ್ತೆ, ಮುಗಿಯುದೇ ಇಲ್ಲೆ ಅಂದ್ರಲೆ ಅವ್ರ್. ಹಂಗಾರೆ ಅಪ್ಪಯ್ಯ ಬಪ್ಪುದ್ ಯಾವಾಗ?" ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ. ಹೇಳಿದಳು. ನೀನು ಮುಂಬಯಿಗೆ ಹೋದ ದಿನ, ಬಸ್ ಸ್ಟ್ಯಾಂಡಿನಲ್ಲಿ ನಿನ್ನ ಕಾಲು ಬಿಡದೆ ಅಳುತ್ತಿದ್ದವಳನ್ನು ಎತ್ತಿಕೊಂಡು, "ನೀ ಶಾಲಿಗ್ ಹೋಯಿ ಓದಿ ಮುಗ್ಸ್ ಮಗಾ. ಮುಗ್ಸಿದ್ ಕೂಡ್ಲೆ ನಾನ್ ಊರಿಗ್ ಬತ್ತೆ" ಎಂದಿದ್ದೆಯಂತೆ. ಅಳುವ ಮಗುವನ್ನು ಸಮಾಧಾನ ಮಾಡಲು ಯಾರೂ ಆಡುವ ಮಾತು. ತಾಯಿ ಇಲ್ಲದ ಮಗು ಅದನ್ನು ಹಿಡಿದುಕೊಂಡಿತು. ಅವಳು ದೀಕ್ಷಾಳ ಲಂಗ ಹಿಡಿದು ಶಾಲೆಗೆ ಓಡಿದ್ದು ಅದರ ಮರುವಾರ. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನಮ್ಮ ಯಾರಿಗೂ ಬರಲಿಲ್ಲ. ಓದಿನ ಹುಚ್ಚೆಂದು ಊರೆಲ್ಲ ಹೊಗಳಿದೆವು.

ವರ್ಷಕ್ಕೊಮ್ಮೆ ನಾಲ್ಕು ದಿನ ಬಂದು ಹೋಗುತ್ತೀಯಲ್ಲ, ಅದನ್ನು ಅವಳು ಬಂದದ್ದೆಂದು ಎಣಿಸಿಲ್ಲ.

ನೀನು ಹೋಗಿ ಹನ್ನೊಂದು ವರ್ಷ ತುಂಬಿತು, ತಮ್ಮ. ಹನ್ನೆರಡನೆಯದು ನಡೆಯುತ್ತಿದೆ. ಅದು ತುಂಬುವ ಮೊದಲು ಬಾ.