ನಾಲ್ವರ ಹೊಸ ಹಾಡು

ಸೋಮವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ನೀನೂ ಅಳಿಯಂದಿರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನನ್ನ ಮೊಣಕಾಲನ್ನು ಬಿಟ್ಟರೆ ಇಲ್ಲಿ ಎಲ್ಲ ಸರಿಯಾಗಿದೆ. ಅದೂ ಮೆಟ್ಟಿಲು ಕಂಡಾಗ ಮಾತ್ರ ರಾಗ ತೆಗೆಯುತ್ತದೆ. ನಾಲ್ಕು ತಿಂಗಳಿಂದ ನಿನಗೊಂದು ಸಾಲೂ ಬರೆಯಲಿಲ್ಲ, ತಪ್ಪಾಯಿತು. ಮೂರು ಸಲ ಕಾಗದ ಎದುರಿಗಿಟ್ಟುಕೊಂಡು ಕೂತೆ. ಮೂರು ಸಲವೂ 'ಕ್ಷೇಮ' ಎಂದು ಬರೆದು ಮುಂದಕ್ಕೆ ಪೆನ್ನು ಓಡಲಿಲ್ಲ. ಇವತ್ತು ಹಟ ಹಿಡಿದು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮೂವತ್ತೆಂಟು ವರ್ಷ ಪ್ರೆಸ್ಸಿನಲ್ಲಿ ಬೇರೆಯವರು ಬರೆದದ್ದನ್ನು ಮುದ್ರಿಸಿದವನು ನಾನು, ಸ್ವಂತ ಕೈಯಿಂದ ಬರೆದದ್ದು ಕಡಿಮೆ.

ಹೋದ ತಿಂಗಳು ನಮ್ಮ ನಾಲ್ವರ ಸಾಕ್ಷ್ಯಚಿತ್ರ ನೋಡಿದೆ. ನಾಲ್ವರು ಯಾರೆಂದು ನಿನಗೆ ಹೇಳಬೇಕೇ? ಆ ರಾಕ್ ಬ್ಯಾಂಡಿನ ಹಾಡು ಕೇಳುತ್ತಲೇ ಬೆಳೆದವಳು ನೀನು. ನಿನ್ನ ಅಮ್ಮ ತೀರಿಕೊಂಡ ಮೇಲೆ ನಿನ್ನನ್ನು ಮಲಗಿಸುವುದು ನನ್ನ ಪಾಲಿಗೆ ಬಂತು. ನನಗೆ ಜೋಗುಳ ಒಂದೂ ಬಾರದು. ಹಾಗಾಗಿ ಅವರ ಹಾಡುಗಳನ್ನೇ ತಗ್ಗಿದ ದನಿಯಲ್ಲಿ ಹಾಡುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಒಡತಿ ಒಮ್ಮೆ ಬಾಗಿಲಲ್ಲಿ ನಿಂತು, "ಈ ಕಿರುಚಾಟಕ್ಕೆ ಮಗು ಹೆದರಲ್ವೇನ್ರೀ?" ಎಂದು ಕೇಳಿದ್ದರು. ನೀನು ಆಕಳಿಸಿ ಮಗ್ಗುಲು ಬದಲಿಸಿದ್ದೆ. ಅವತ್ತು ನನಗಾದ ಹೆಮ್ಮೆ ಹೇಳತೀರದು.

ಸುದ್ದಿ ತಂದವನು ಬೈಂಡರ್ ಮಾಮ. ಪ್ರೆಸ್ಸಿನ ಪಕ್ಕದ ಕೋಣೆಯಲ್ಲಿ ಪುಸ್ತಕ ಹೊಲಿಯುತ್ತ, ನನ್ನ ಜತೆ ಒಂದೊಂದು ಹಾಡಿಗೂ ವಾದ ಮಾಡುತ್ತ ಮುದುಕನಾದವನು ಅವನು. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಚಿತ್ರ ತೋರಿಸುತ್ತಾರೆ, ಆ ಕಪ್ಪು ಶರ್ಟು ಹಾಕಿಕೊಂಡೇ ಬರಬೇಕು ಎಂದು ಚೀಟಿ ಬರೆದು ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದ. ಎಷ್ಟು ಬಡಿದರೂ ನಾನು ಬಾಗಿಲು ತೆಗೆಯಲಿಲ್ಲವಂತೆ. ಶರ್ಟಿನ ಮೇಲೆ ನಾಲ್ವರ ಮುಖಗಳಿವೆಯಲ್ಲ, ನನ್ನ ಹೊಟ್ಟೆ ಅವರನ್ನೆಲ್ಲ ಊದಿಸಿಬಿಟ್ಟಿದೆ. ಹೋಗಿ ನೋಡಿದರೆ ಪರದೆಯ ಮೇಲೂ ಅವರು ಹಾಗೇ ಆಗಿದ್ದಾರೆ! ಹಾಡುಗಾರನಿಗೆ ತಲೆಯಲ್ಲಿ ಕೂದಲಿಲ್ಲ. ಗಿಟಾರಿನವನು ಓದುವ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುತ್ತಾನೆ. "ನಮ್ಮಂಗೇ ಕಣೋ" ಎಂದು ಬೈಂಡರ್ ನನ್ನ ಪಕ್ಕೆಗೆ ತಿವಿದ. ಅವನ ತುಟಿ ನೋಡಿ ತಿಳಿದುಕೊಂಡೆ.

ಪುಟ್ಟಿ, ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೋದರೆ ಮತ್ತೆ ಪೆನ್ನು ನಿಲ್ಲುತ್ತದೆ. ನನಗೆ ಕಿವಿ ಕೇಳಿಸುವುದಿಲ್ಲ. ಮೂರು ವರ್ಷವಾಯಿತು. ದಪ್ಪ ಸದ್ದು ಗುಂಯ್ ಎನ್ನುತ್ತದೆ, ಉಳಿದದ್ದೆಲ್ಲ ಗೋಡೆಯಾಚೆಗಿನ ಮಾತು. ಮುದ್ರಣ ಯಂತ್ರಕ್ಕೆ ಎರಡು ಹಾಳೆ ಒಟ್ಟಿಗೆ ಹೋದರೆ ಸದ್ದಿನಲ್ಲೇ ಕಂಡುಹಿಡಿಯುತ್ತಿದ್ದವನು ನಾನು. ಕೊನೆಯ ವರ್ಷ ಒಂದು ಬೆಳಿಗ್ಗೆ ಎಂಟುನೂರು ಹಾಳೆ ಹಾಳು ಮಾಡಿದೆ. ಕಾಗದ ತೇವವಾಗಿತ್ತು ಎಂದು ಸುಳ್ಳು ಹೇಳಿದೆ. ಆಮೇಲೆ ಮೊಣಕಾಲಿನ ನೆಪ ಮಾಡಿ ಕೆಲಸ ಬಿಟ್ಟೆ. ಜನ ಏನು ಹೇಳಿದರೂ ನಗುವುದು, ತಲೆಯಾಡಿಸುವುದು, ಅಂದಾಜಿನ ಮೇಲೆ ಒಂದು ಉತ್ತರ ಕೊಡುವುದು, ಇದೇ ಅಭ್ಯಾಸವಾಯಿತು. ಔಷಧಿ ಅಂಗಡಿಯವನು ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದರೆ, "ಒಬ್ಬಳೇ ಮಗಳು" ಅಂದೆ. ಅವನ ಮುಖ ನೋಡಿದ ಮೇಲೆ ಎಡವಟ್ಟಾಯಿತೆಂದು ಗೊತ್ತಾಯಿತು.

ಹಾಗಾದರೆ ಚಿತ್ರ ಹೇಗೆ ನೋಡಿದೆ ಎನ್ನುತ್ತೀಯ. ಮಾತುಗಳಿಗೆ ಕೆಳಗೆ ಅಕ್ಷರ ಬರುತ್ತಿತ್ತು. ಹಾಡುಗಳಿಗೆ ಇರಲಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ. ಡ್ರಮ್ಮಿನವನ ಮಣಿಕಟ್ಟು ಎದ್ದರೆ ಸಾಕು, ಇಡೀ ಹಾಡು ನನ್ನೊಳಗೆ ಶುರುವಾಗುತ್ತಿತ್ತು. ಹದಿನೇಳನೆಯ ವಯಸ್ಸಿನಿಂದ ಕೇಳಿದ್ದು ಎಲ್ಲಿಗೆ ಹೋದೀತು? ಚಪ್ಪಲಿ ಬಿಚ್ಚಿ ಪಾದವನ್ನು ನೆಲಕ್ಕೆ ಒತ್ತಿ ಕೂತೆ. ಹಲಗೆಯ ನೆಲ ನಡುಗುತ್ತಿತ್ತು. ತುಂಬ ಸುಖವಾಗಿದ್ದೆ, ನಿಜವಾಗಿ.

ಅವರು ಒಡೆದು ಬೇರೆಯಾದ ಕಥೆ ನಿನಗೆ ನೆನಪಿದೆಯೇ? ಎಲ್ಲ ಆ ಡ್ರಮ್ಮಿನವನ ಸೊಕ್ಕಿನಿಂದ ಆಯಿತು ಎಂದು ನಾನೂ ಬೈಂಡರೂ ಇಪ್ಪತ್ತೆರಡು ವರ್ಷ ಅವನಿಗೆ ಶಾಪ ಹಾಕಿದ್ದೆವು. ಈ ಚಿತ್ರದಲ್ಲಿ ಅವನು ತನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಮೊದಲ ಸಲ ಬಾಯಿ ಬಿಟ್ಟಿದ್ದಾನೆ. ಅವನ ಮಾತು ಅಕ್ಷರದಲ್ಲಿ ಬಂತು: "ಇವರು ಕರೆದದ್ದು ನನಗೆ ಕೇಳಿಸ್ತಿರಲಿಲ್ಲ. ಹೇಳಿದ್ರೆ ನನ್ನ ಜಾಗದಲ್ಲಿ ಬೇರೆಯವನನ್ನ ಕೂರಿಸ್ತಾರೆ ಅಂತ ಭಯ. ಕಿವುಡ ಅನ್ನಿಸಿಕೊಳ್ಳೋದಕ್ಕಿಂತ ಸೊಕ್ಕಿನವನು ಅನ್ನಿಸಿಕೊಳ್ಳೋದೇ ವಾಸಿ ಅಂದ್ಕೊಂಡೆ."

ಆಮೇಲೆ ಗಿಟಾರಿನವನನ್ನು ತೋರಿಸಿದರು. ಅವನು ಹಣೆಯ ಮೇಲಿನ ಕನ್ನಡಕ ತೆಗೆದು ಕೆಳಗಿಟ್ಟ. ಆಮೇಲೆ ಹೇಳಿದ: "ಕೊನೇ ದಿನ ಅವನ ಬೆನ್ನ ಹಿಂದೆ ನಿಂತು ತಪ್ಪಾಯ್ತು ಅಂದೆ. ಅವನು ತಿರುಗಲೇ ಇಲ್ಲ. ಅದಕ್ಕೇ ಹೊರಟುಹೋದೆ."

ಬೈಂಡರ್ ಕಡೆ ತಿರುಗದೆ ಪರದೆಯನ್ನೇ ನೋಡುತ್ತ ಕೂತೆ. ಕತ್ತಲಿದ್ದದ್ದು ಒಳ್ಳೆಯದಾಯಿತು.

ಕೊನೆಗೆ ನಾಲ್ವರೂ ಮತ್ತೆ ಸೇರುತ್ತಾರೆ. ಒಂದು ಸಣ್ಣ ಕೋಣೆ, ಡ್ರಮ್ಮಿನವನು ಎಲ್ಲರ ಮುಖ ಕಾಣುವಂತೆ ಕೂತಿದ್ದಾನೆ. ಇಷ್ಟು ವರ್ಷಗಳ ಮೇಲೆ ಕಟ್ಟಿದ ಹೊಸ ಹಾಡು ಶುರು ಮಾಡಿದರು. ಸಭಾಂಗಣದಲ್ಲಿ ಎಲ್ಲರೂ ನೆಟ್ಟಗೆ ಕೂತರು. ಮುಂದಿನ ಸಾಲಿನ ಹೆಂಗಸು ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೈಂಡರ್ ಬಿಕ್ಕುತ್ತಿದ್ದ. ನನ್ನೊಳಗೆ ಏನೂ ಏಳಲಿಲ್ಲ ಪುಟ್ಟಿ. ಹಳೆಯದಾಗಿದ್ದರೆ ನೆನಪಿನಿಂದ ತುಂಬಿಕೊಳ್ಳುತ್ತಿದ್ದೆ, ಹೊಸದಕ್ಕೆ ನನ್ನಲ್ಲಿ ಏನಿದೆ? ಅವರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಲವತ್ತು ಜನ ಕೇಳಿದ ಹಾಡನ್ನು ನಾನೊಬ್ಬ ಸುಮ್ಮನೆ ನೋಡಿದೆ.

ಬಸ್ ನಿಲ್ದಾಣದಲ್ಲಿ ಬೈಂಡರ್ ನನ್ನ ತೋಳು ಹಿಡಿದು ಏನೋ ಕೇಳಿದ. ನಾನು ಎಂದಿನಂತೆ ತಲೆಯಾಡಿಸಿದೆ. ಅವನು ಹುಬ್ಬು ಗಂಟಿಕ್ಕಿದ. ಆಮೇಲೆ ಗೊತ್ತಾಯಿತು, ಆ ಹಾಡಿನ ಯಾವ ಸಾಲು ಹಿಡಿಸಿತು ಎಂದು ಕೇಳಿದ್ದನಂತೆ. ನನಗೆ ಇನ್ನು ತಡೆಯಲಾಗಲಿಲ್ಲ.

"ನಂಗೆ ಕೇಳಿಸಲಿಲ್ಲ ಕಣೋ," ಅಂದೆ. "ಏನೂ ಕೇಳಿಸಲ್ಲ."

ಬಸ್ಸು ಬಂತು, ಹೋಯಿತು. ಬೈಯುತ್ತಾನೆಂದುಕೊಂಡೆ. ಅವನು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಹಿಂದೆ ನಿಂತು, ನನ್ನ ಬೆನ್ನ ಮೇಲೆ ಎರಡೂ ಅಂಗೈಗಳಿಂದ ತಾಳ ಹಾಕತೊಡಗಿದ. ಕಿವಿಗೆ ಬಾಯಿಟ್ಟು ಒಂದೊಂದೇ ಸಾಲನ್ನು ಕೂಗಿ ಹೇಳಿದ. ಅವನ ಕಂಠ ನಿನಗೆ ಗೊತ್ತೇ ಇದೆ, ಒಡೆದ ಕೊಳಾಯಿ. ಅಲ್ಲಿದ್ದವರು ಇಬ್ಬರು ಮುದುಕರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಪದಗಳು ಅರ್ಧಕ್ಕರ್ಧ ಸಿಕ್ಕಲಿಲ್ಲ, ತಾಳ ಪೂರ್ತಿ ಸಿಕ್ಕಿತು. ಒಳ್ಳೆಯ ಹಾಡು, ಪುಟ್ಟಿ. ಸ್ವಲ್ಪ ನಿಧಾನ, ಈಗ ಅವರಿಗೂ ಅಷ್ಟೇ ಸಾಧ್ಯ.

ಆ ಶನಿವಾರ ಕಳೆದ ಸೋಮವಾರ ಬೆಳಿಗ್ಗೆ ಅವನೇ ಬಂದು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದ. ಆಕೆ ಚಿಕ್ಕ ವಯಸ್ಸಿನವರು, ತಾಳ್ಮೆಯವರು. ಯಂತ್ರದ ಸದ್ದಿನಲ್ಲಿ ಅಷ್ಟು ವರ್ಷ ಕಿವಿ ಮುಚ್ಚಿಕೊಳ್ಳದೆ ನಿಂತದ್ದರ ಫಲ ಇದು ಎಂದು ಬರೆದು ತೋರಿಸಿದರು. ಮೊದಲು ಹೋಗುವುದು ತೆಳು ದನಿಗಳಂತೆ, ಹೆಂಗಸರದ್ದು, ಮಕ್ಕಳದ್ದು. ಕಿವಿಗೆ ಹಾಕುವ ಯಂತ್ರ ಮಾಡಿಸುತ್ತಿದ್ದಾರೆ. ಹೋದದ್ದೆಲ್ಲ ಬರುವುದಿಲ್ಲ, ಮಾತುಕತೆಗೆ ಸಾಕಾಗುತ್ತದೆ ಎಂದು ಬರೆದರು. ಬೈಂಡರ್ ಅಲ್ಲೇ ಎದ್ದು ನಿಂತು, "ಇವನಿಗೆ ನನ್ನ ಬೈಗುಳ ಕೇಳಿಸಿದ್ರೆ ಸಾಕು ಡಾಕ್ಟ್ರೇ, ಮೂರು ವರ್ಷದ್ದು ಬಾಕಿ ಇದೆ" ಅಂದನಂತೆ. ಆಕೆ ನಗುತ್ತ ಅದನ್ನೂ ಬರೆದು ತೋರಿಸಿದರು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮೈಗೆ ಆಯಾಸವಾದರೆ ಕೆಲಸವನ್ನು ಹಾಗೇ ಬಿಟ್ಟು ಮಲಗು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ನೀನು ನೂರು ಕಾಲ ತಣ್ಣಗಿರು ಮಗಳೇ.

ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಇದಕ್ಕಾಗಿಯೇ ಕಾಗದ ಹಿಡಿದು ಕೂತದ್ದು. ನಿನ್ನೆ ನಿನ್ನ ಸೋದರತ್ತೆ ಬಂದಿದ್ದಳು. ನನ್ನ ಜತೆ ಜಗಳ ಆಡುವುದಕ್ಕೇ ಬಂದವಳು, ಮುಖ ಕೆಂಪಾಗಿತ್ತು. ನನ್ನ ಕಿವಿಯ ಸಂಗತಿ ಹೇಳಿದೆ. ಅವಳ ಜಗಳ ಅಲ್ಲಿಗೇ ನಿಂತಿತು. ಆಮೇಲೆ ಪೆನ್ನು ತೆಗೆದುಕೊಂಡು ಎಲ್ಲವನ್ನೂ ಬರೆದಳು. ನೀನು ಬಸುರಿಯಾಗಿದ್ದೇ ನನಗೆ ಗೊತ್ತಿರಲಿಲ್ಲ ಪುಟ್ಟಿ. ಸೆಪ್ಟೆಂಬರಿನಲ್ಲಿ ಫೋನು ಮಾಡಿ ಹೇಳಿದ್ದೆಯಂತೆ. ನಾನು "ಹೌದೌದು, ಇಲ್ಲೂ ಹಾಗೇ" ಅಂದೆನಂತೆ. ನವೆಂಬರಿನಲ್ಲಿ ನೀನು ಮತ್ತೆ ಮಾಡಿದಾಗ ಏನೋ ಮನೆ ಬದಲಾಯಿಸಿದ ಸುದ್ದಿ ಎಂದುಕೊಂಡೆ. "ಒಳ್ಳೇದೇ ಆಯ್ತು ಬಿಡಮ್ಮ" ಎಂದು ಇಟ್ಟುಬಿಟ್ಟೆ. ನೀನು ಹೇಳಿದ್ದು ಮಗು ಉಳಿಯಲಿಲ್ಲ ಎಂದು.

ಆಮೇಲೆ ನಿನ್ನ ಫೋನು ಬರಲಿಲ್ಲ. ನಾಟಕ ಆಡುವುದು ತಪ್ಪಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನವೂ ಆಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಕಿವಿಯ ಯಂತ್ರ ಬರಲು ಇನ್ನೂ ಹತ್ತು ದಿನವಿದೆ, ಅಷ್ಟು ಕಾಯಲಾರೆ. ಶುಕ್ರವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನಗೆ ಮನಸ್ಸಿದ್ದರೆ ಬೆಳಕಿರುವ ಕಡೆ ನನ್ನೆದುರಿಗೆ ಕೂತು, ಮೊದಲಿಂದ ಹೇಳು. ಎಷ್ಟು ಹೊತ್ತಾದರೂ ಆಗಲಿ. ಒಂದು ಪದ ತಿಳಿಯದೆ ಹೋದರೂ ಈ ಸಲ ತಲೆಯಾಡಿಸುವುದಿಲ್ಲ. ತಿಳಿಯಲಿಲ್ಲ ಮಗಳೇ, ಇನ್ನೊಂದು ಸಲ ಹೇಳು ಎನ್ನುತ್ತೇನೆ.