ಬೂದಿ ಬಣ್ಣದ ಐರಾಣಿ ಗಡಿಗೆ

ರಾಮತೀರ್ಥ ನಗರ, ಬೆಳಗಾವಿ
ಹೋಳಿ ಹುಣ್ಣಿಮೆ ಕಳೆದ ಬುಧವಾರ

ನನ್ನ ಮಗಳು ಪ್ರಮಿಳಾಗೆ, ನಿನ್ನ ಅವ್ವ ತಲೆ ಸವರಿ ಬರೆಯುವುದು,

ಇಲ್ಲಿ ನನ್ನ ಮೊಣಕಾಲನ್ನು ಬಿಟ್ಟು ಎಲ್ಲರೂ ಆರಾಮ. ಖಾನಾಪುರದಲ್ಲಿ ನೀನು ಹೇಗಿದ್ದೀ ಅಂತ ಕೇಳುವುದಿಲ್ಲ. ಕೇಳಿದರೆ ‘ಆರಾಮ ಅದೀನಿ’ ಅನ್ನುತ್ತೀ. ಆ ಸುಳ್ಳು ನಿನ್ನ ಬಾಯಲ್ಲಿ ನಾನೇ ಯಾಕೆ ಹಾಕಲಿ?

ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬು ಏರಿಸಬೇಡ. ಫೋನಿನಲ್ಲಿ ನಿನಗೆ ಬೇಡದ ಮಾತು ಬಂದ ಕೂಡಲೇ ನಿನ್ನ ಒಲೆಯ ಮೇಲೆ ಹಾಲು ಉಕ್ಕುತ್ತದೆ, ಇಲ್ಲವೇ ಯಾರೋ ಬಾಗಿಲು ಬಡಿಯುತ್ತಾರೆ. ಕಾಗದಕ್ಕೆ ಅವಸರವಿಲ್ಲ. ಹಾಲು ಉಕ್ಕಿದರೆ ಇಳಿಸಿ ಬಂದು ಮತ್ತೆ ಓದು. ನಾಲ್ಕನೆಯ ಇಯತ್ತೆಗೇ ಸಾಲಿ ಬಿಟ್ಟವಳ ಅಕ್ಷರ, ಒಂದೊಂದೂ ರೊಟ್ಟಿಯಷ್ಟು ಅಗಲ. ಚಷ್ಮಾ ಸಿಗಲಿಲ್ಲ ಎಂಬ ನೆವ ನಡೆಯುವುದಿಲ್ಲ.

ಮೊದಲು ಒಂದು ಕಳ್ಳತನ ಹೇಳಿಬಿಡುತ್ತೇನೆ. ಸಂಕ್ರಾಂತಿ ಆದಾಗಿನಿಂದ ಪ್ರತಿ ರವಿವಾರ ನಾನು ನಿನ್ನ ಮಗಳ ಸ್ಕೂಟಿಯ ಹಿಂದೆ ಕುಳಿತು ಹೋಗುತ್ತೇನೆ. ನಿನ್ನ ತಮ್ಮ ಭರಮಣ್ಣ, ಅವ್ವ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೋಗುತ್ತಾಳೆ ಅಂತ ನಂಬಿದ್ದಾನೆ. ‘ಕಡಿಮಿ ಆಗೇತೇನವ್ವಾ?’ ಅಂತ ಕೇಳುತ್ತಾನೆ, ಪಾಪ. ಎಣ್ಣೆಯೂ ಇಲ್ಲ, ತಿಕ್ಕುವುದೂ ಇಲ್ಲ. ನಾನು ಹೋಗುವುದು ಗಡಿಗೆಗೆ ಬಣ್ಣ ಹಚ್ಚಲು.

ನಗಬೇಡ. ನಿನ್ನ ಮಗಳು ಪೂನಮ ವಾರವೆಲ್ಲ ಉದ್ಯಮಬಾಗದ ಆಫೀಸಿನಲ್ಲಿ ಕಬ್ಬಿಣದ ಲೆಕ್ಕ ಬರೆದು, ಸಂಜೆ ನಮ್ಮ ಮನೆಗೆ ಬಂದು ಉಂಡು ಮಲಗುವವಳು. ರವಿವಾರ ಬಂತೆಂದರೆ ತಲೆ ಸಹ ಬಾಚದೆ ಓಡುತ್ತಿದ್ದಳು. ಎಲ್ಲಿಗೆ ಅಂತ ಹಿಡಿದು ಕೇಳಿದರೆ, ನಮ್ಮ ಹಿಂದಿನ ಓಣಿಯಲ್ಲಿ ಐಶ್ವರ್ಯಾ ಅಂತ ಒಬ್ಬ ಹುಡುಗಿ ತನ್ನ ಮನೆಯ ಕೆಳಗಿನ ಕೋಣೆಯಲ್ಲಿ ಒಂದು ಜಾಗ ಮಾಡಿದ್ದಾಳಂತೆ. ಅಲ್ಲಿ ಗಡಿಗೆ, ಬಟ್ಟಲು, ತಾಟು ಎಲ್ಲ ಬೋಳು ಬೋಳಾಗಿ ಇಟ್ಟಿರುತ್ತಾರೆ. ನಿನಗೆ ಬೇಕಾದದ್ದು ಎತ್ತಿಕೊಂಡು, ಕುಂಚ ಹಿಡಿದು, ಬಣ್ಣ ಹಚ್ಚಿ ಬರುವುದು. ಆಮೇಲೆ ಅವಳು ಅದನ್ನು ಕರೆಂಟಿನ ಭಟ್ಟಿಯಲ್ಲಿ ಸುಟ್ಟು ಕೊಡುತ್ತಾಳೆ.

‘ದೀಪಾವಳಿಗೆ ಮನಿ ಗ್ವಾಡಿಗೆ ಸುಣ್ಣಾ ಹಚ್ಚಂದ್ರ ಕೈ ನೋಯ್ತಾವ ನಿನಗ. ಅಲ್ಲಿ ಹೋಗಿ ರೊಕ್ಕಾ ಕೊಟ್ಟ ಹಚ್ಚತೀಯೇನ?’ ಅಂದೆ.

‘ಮನಸ್ಸ ಹಗರ ಆಗತೈತಿ ಆಯಿ,’ ಅಂದಳು.

‘ಹಗರ ಆಗಾಕ ಮೊದಲ ಭಾರ ಇರಬೇಕಲ್ಲ. ಏನೈತಿ ಭಾರ, ಹೇಳು.’

‘ನೀನೂ ಬಾ ಹಂಗಾರ,’ ಅಂದಳು. ಆ ಭಾರ ಏನು ನೋಡೋಣ ಅಂತಲೇ ನಾನು ಹೋದದ್ದು. ಬಣ್ಣದ ಆಸೆಗೆ ಅಲ್ಲ.

ಅಲ್ಲಿ ಹೇಗಿರುತ್ತದೆ ಗೊತ್ತೇ? ಒಂದು ಉದ್ದನೆಯ ಮೇಜು, ಸುತ್ತ ಜನ, ಯಾರೂ ಮಾತಾಡುವುದಿಲ್ಲ. ಮದುವೆಯಾದವರು, ಆಗದವರು, ಒಬ್ಬ ದಪ್ಪ ಮೀಸೆಯ ಪೋಲೀಸನೂ ಬರುತ್ತಾನೆ. ತಲೆ ಬಗ್ಗಿಸಿ ಕಪ್ಪಿನ ಮೇಲೆ ಗುಬ್ಬಿ ಬರೆಯುತ್ತಾನೆ. ಅವನ ಗುಬ್ಬಿ ಕೋಣದ ಹಾಗೆ ಇರುತ್ತದೆ, ಆದರೂ ಮುಖ ಮಾತ್ರ ಮೊಸರನ್ನ ಉಂಡವನ ಹಾಗೆ ತಣ್ಣಗೆ. ನಾನು ಸುಮ್ಮನೆ ಗೋಡೆಗೆ ಒರಗಿ ಕುಳಿತಿದ್ದೆ. ಪೂನಮ ತಾಟಿನ ಮೇಲೆ ಒಂದು ಎಲೆ ಬರೆಯುತ್ತಿದ್ದಳು. ಅದೇ ಎಲೆಯ ಮೇಲೆ ಕುಂಚ ಮತ್ತೆ ಮತ್ತೆ ಎಳೆಯುತ್ತಾ ಇದ್ದಳು, ತಾಟು ತೂತು ಬೀಳುವ ಹಾಗೆ. ತಲೆ ಎತ್ತದೆಯೇ ಅಂದಳು:

‘ಆಯಿ, ಅವ್ವ ನನ್ನ ಮದವ್ಯಾಗ ಹಿಂದ ಕುಂದರತೀನಿ ಅಂದಾಳ. ಐರಾಣಿ ತರೂದು, ಅರಿಷಿಣ ಹಚ್ಚೂದು, ಎಲ್ಲಾ ದೊಡ್ಡವ್ವನ ಕಡಿಂದ ಮಾಡಸ್ತಾಳಂತ. ಅಪ್ಪ ಅಂತೂ ಇಲ್ಲ. ಅವ್ವ ಪಾವಣ್ಯಾರಂಗ ಬಂದು ಉಂಡು ಹೋಗ್ತಾಳೇನು?’

ಪ್ರಮೀ, ದೊಡ್ಡ ಜೇಲು ಇರುವ ಹಿಂಡಲಗಾಕ್ಕೆ ಮಗಳನ್ನು ಕೊಡುತ್ತೇವೆ ಅಂದ ಕೂಡಲೇ ‘ಜೇಲಿಗೇನ್ರಿ?’ ಅಂತ ಚಾಷ್ಟಿ ಮಾಡುವ ಜನರ ಬಾಯಿ ಮುಚ್ಚಿಸಿದವಳು ನೀನು. ಬೀರೇಶನಂಥ ಒಳ್ಳೆಯ ಹುಡುಗನನ್ನು ಒಬ್ಬಳೇ ಓಡಾಡಿ ಹುಡುಕಿದವಳು ನೀನು. ಅಳಿಯ ಮುತ್ತಪ್ಪ ಹೋದ ಮೇಲೆ ಎಮ್ಮೆ, ಹೊಲ, ಮಗಳ ಓದು ಎಲ್ಲ ನಡೆಸಿದವಳು ನೀನು. ಮುಖ್ಯವಾದ ದಿನ ಬಂದಾಗ ನೀನು ಹೋಗಿ ನೀರಿನ ಹಂಡೆಯ ಬಾಜುಕ್ಕೆ ಕೂಡ್ರುತ್ತೀಯಾ? ಇದನ್ನು ಕೇಳಲು ನಾನು ಯಾರು ಅಂತ ನೀನು ಅನ್ನಬಹುದು. ನಿನ್ನ ಅಪ್ಪ ಹೋದ ಮೇಲೆ ನಾನೂ ಅದೇ ಹಂಡೆಯ ಬಾಜುಕ್ಕೆ ಕುಳಿತವಳು. ಅದಕ್ಕೇ ಹೇಳುತ್ತೇನೆ, ಅಲ್ಲಿಂದ ಏನೂ ಕಾಣುವುದಿಲ್ಲ. ಬರೀ ಜನರ ಬೆನ್ನು.

ಇರಲಿ. ಗಡಿಗೆಯ ಕತೆಗೆ ಬರುತ್ತೇನೆ.

ಪೂನಮ ಹಾಗೆ ಅಂದಾಗ ನನ್ನ ಕೈ ಖಾಲಿ ಇತ್ತು. ಎದುರಿಗೆ ಒಂದು ಸಣ್ಣ ಗಡಿಗೆ ಇತ್ತು, ಮೈಗೆಲ್ಲ ಬಿಳಿ ಲೇಪ. ಐಶ್ವರ್ಯಾ ಈ ಗಡಿಗೆಗಳನ್ನು ನಿಮ್ಮೂರಿನ ಕುಂಬಾರ ಲಕ್ಷ್ಮಣನ ಮನೆಯಿಂದಲೇ ತರಿಸುತ್ತಾಳಂತೆ. ನನಗೆ ಕೂಡಲೇ ನಮ್ಮ ಐರಾಣಿ ನೆನಪಾಯಿತು. ಐಶ್ವರ್ಯಾ ಪೇಟೆಯಲ್ಲಿ ಬೆಳೆದ ಹುಡುಗಿ, ಹೆಸರು ಕೇಳಿದ್ದಳು, ನೋಡಿರಲಿಲ್ಲ. ಹೇಳಿದೆ: ಮದುವೆಯ ಹಿಂದಿನ ದಿನ ಕುಂಬಾರರ ಮನೆಗೆ ಬಾಜಾ ಸಮೇತ ಹೋಗಿ, ಸುಣ್ಣ ಬಳಿದು ಚಿತ್ತಾರ ಬರೆದ ಗಡಿಗೆಗಳನ್ನು ಮುತ್ತೈದೆಯರು ತಲೆಯ ಮೇಲೆ ಹೊತ್ತು ತರುತ್ತಾರೆ, ಹಂದರದಲ್ಲಿಟ್ಟು ಪೂಜೆ ಮಾಡುತ್ತಾರೆ. ನಮ್ಮ ಮನೆತನದಲ್ಲಿ ಐದು. ಚಿತ್ತಾರ ಬರೆಯಲು ಆಗ ಓಣಿಯವರೆಲ್ಲ ನನ್ನನ್ನೇ ಕರೆಯುತ್ತಿದ್ದರು. ‘ಆಮ್ಯಾಲೆ ಯಾಕ ಬಿಟ್ರಿ?’ ಅಂತ ಕೇಳಿದಳು ಹುಡುಗಿ. ಅವಳಿಗೆ ನನ್ನ ಬೋಳು ಹಣೆ ತೋರಿಸಿದೆ. ತಿಳಿಯಿತು ಅವಳಿಗೆ.

ಆಮೇಲೆ ಬಣ್ಣದ ಬಟ್ಟಲುಗಳನ್ನು ತಂದು ಮುಂದಿಟ್ಟಳು. ಕೆಂಪು, ಹಸಿರು ನನಗೆ ಬೇಡ ಅಂದೆ. ಎಲ್ಲಕ್ಕಿಂತ ಮಂಕಾದ ಎರಡು ಆರಿಸಿಕೊಂಡೆ. ಒಂದು ಒಲೆಯ ಬೂದಿಯ ಹಾಗೆ. ಇನ್ನೊಂದು ಒಗೆದು ಒಗೆದು ಬಿಳಿಚಿದ ಕುಪ್ಪಸದ ಹಾಗೆ. ‘ನನ್ನಂಥಾಕಿಗೆ ಇವ ಸಾಕು,’ ಅಂದೆ. ಐಶ್ವರ್ಯಾ ಏನೋ ಹೇಳಲು ಬಾಯಿ ತೆರೆದಳು. ಪೂನಮ ಮೊಣಕೈಯಿಂದ ಅವಳನ್ನು ತಿವಿದಳು. ನಾನು ನೋಡಿದೆ, ಹುಡುಗಿಯರ ಗುಟ್ಟು ಏನೋ ಇರಬೇಕು ಅಂದುಕೊಂಡೆ.

ಕುಂಚ ಹಿಡಿದ ಮೇಲೆ ಕೈ ತಾನೇ ಓಡಿತು. ಕುತ್ತಿಗೆಗೆ ಗೆರೆ, ಹೊಟ್ಟೆಗೆ ಬಳ್ಳಿ, ಬಳ್ಳಿಗೆ ಚುಕ್ಕಿ. ನಡುವೆ ಒಂದು ಸೀನು ಬಂದು ಬಳ್ಳಿ ಒಂದು ಕಡೆ ಸೊಟ್ಟಾಯಿತು. ಪೋಲೀಸ ಇಣುಕಿ ನೋಡಿ ‘ಭಾರಿ ಆಗೇತ್ರಿ ಆಯಿ,’ ಅಂದ. ‘ನಿನ್ನ ಗುಬ್ಬಿ ನೋಡ್ಕೋಪಾ,’ ಅಂದೆ.

ಮರು ರವಿವಾರ ಐಶ್ವರ್ಯಾ ಭಟ್ಟಿಯಿಂದ ತೆಗೆದ ಗಡಿಗೆ ಕೈಗಿಟ್ಟಳು. ಗಿಣಿಯ ಹಸಿರು ಬಳ್ಳಿ, ಕುಂಕುಮದ ಕೆಂಪು ಚುಕ್ಕಿ, ಹೊಸ ಬಳೆಯ ಹಾಗೆ ಹೊಳಪು.

‘ಯಾರದೋ ತಂದ ಕೊಟ್ಟು ಮುದುಕಿಗೆ ಮೋಸಾ ಮಾಡ್ತೀಯೇನ? ನಂದು ಬೂದಿ ಬಣ್ಣದ್ದು. ಎಲ್ಲೈತಿ ಅದು?’ ಅಂತ ಜಗಳಕ್ಕೆ ನಿಂತೆ.

‘ಇದು ನಿಮ್ಮದ ಐತ್ರಿ ಆಯಿ. ಸುಡೂಕಿಂತ ಮೊದಲ ಬೂದಿ ಹಂಗ ಕಾಣಸ್ತೈತಿ, ಭಟ್ಟ್ಯಾಗ ಹೊಕ್ಕು ಬಂದ ಮ್ಯಾಲೆ ಹಸರ ಆಗತೈತಿ. ಆ ಇನ್ನೊಂದೂ ಹಂಗ, ಕೆಂಪ ಆಗತೈತಿ. ನಾ ಹೇಳವಳಿದ್ನಿ, ಪೂನಮ ಬಿಡಲಿಲ್ಲ.’

ತಿರುಗಿಸಿ ನೋಡಿದೆ. ಸೀನಿದ ಜಾಗದಲ್ಲಿ ಬಳ್ಳಿ ಸೊಟ್ಟಗೇ ಇತ್ತು.

ನಿನ್ನ ಮಗಳು ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ನಕ್ಕು ಮುಗಿದ ಮೇಲೆ ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಅಂದಳು, ‘ಆಯಿ, ನನ್ನ ಐರಾಣಿ ನೀನ ಬರಿ.’

‘ಹುಚ್ಚಿ ಅದಿಯೇನ? ನಾ ಮುಟ್ಟಿದ ಗಡಿಗಿ ಮದವ್ಯಾಗ ನಡೀತೈತೇನ? ನಾಳೆ ಏನರೆ ಆದ್ರ ನನ್ನ ತಲಿಮ್ಯಾಲೆ ಬರತೈತಿ.’

‘ನೀ ಬೂದಿ ಹಚ್ಚಿದಿ, ಅದು ಹಸರಾತು. ಇನ್ನ ಏನ ಆಗಬೇಕಾಗಿತ್ತು?’

ನಿನ್ನ ಅಪ್ಪ ಹೋದ ಮೇಲೆ ಯಾರ ಮಾತಿಗೂ ನಾನು ಉತ್ತರ ಬಾಕಿ ಇಟ್ಟವಳಲ್ಲ. ಆ ಹೊತ್ತು ಇಟ್ಟೆ.

ಹೀಗಾಗಿ ಈಗ ನಾಲ್ಕು ಗಡಿಗೆ ತಯಾರಾಗಿವೆ. ನಾಲ್ಕೂ ಹಸಿರು, ನಾಲ್ಕೂ ಕೆಂಪು. ಮುಂದಿನ ವಾರ ಲಕ್ಷ್ಮಣನ ಮನೆಗೆ ಮರಳಿ ಹೋಗುತ್ತವೆ. ಐರಾಣಿ ಕುಂಬಾರರ ಮನೆಯಿಂದಲೇ ಬರಬೇಕು, ಅಷ್ಟು ರೀತಿ ನನಗೂ ಗೊತ್ತು. ಯಾರಾದರೂ ಕೇಳಿದರೆ, ಮುದುಕಿ ಪಾಪ ಬೂದಿಯನ್ನೇ ಹಚ್ಚಿದ್ದಳು, ಬೆಂಕಿ ಮಾಡಿದ ಮೋಸ ಅಂತ ಹೇಳು. ಬೆಂಕಿಯ ಜೊತೆ ಜಗಳಕ್ಕೆ ಯಾರು ಹೋಗುತ್ತಾರೆ?

ಪೂನಮಳ ದೊಡ್ಡವ್ವ, ನಿನ್ನ ನೆಗೆಣ್ಣಿ ಸಾವಂತ್ರವ್ವನಿಗೆ ನಾನೇ ಫೋನ್ ಮಾಡಿದೆ. ಆಕೆ ಬೆಂಕಿಯಾಗುತ್ತಾಳೆ ಅಂತ ಒಂದು ಲೋಟ ನೀರು ಕುಡಿದು ಕುಳಿತಿದ್ದೆ. ಆಕೆ ಅಂದದ್ದು ಕೇಳು: ‘ಯವ್ವಾ, ನಾ ಎಲ್ಲಿ ಕೇಳೇನ್ರಿ? ಪ್ರಮಿಳಾ ಒಲ್ಲೆ ಅಂದ್ಲಂತ ನಾ ಹೂಂ ಅಂದೆ. ಸೊಂಟ ಹಿಡದೈತಿ ನನಗ, ತಲಿಮ್ಯಾಲೆ ಗಡಿಗಿ ಹೊತ್ತು ಬಾಜಾದ ಮುಂದ ನಡಿಯೂದು ನನ್ನ ಕೈಲೆ ಆಗೂದಿಲ್ಲ. ಅಕಿ ಮುಂದ ನಡದ್ರ ನಾ ಅಕಿ ಬಾಜು ನಡೀತೀನಿ. ಬೇಕಾದ್ರ ಅಕಿ ಕೈ ಹಿಡಕೊಂಡ ನಡೀತೀನಿ.’

ಅಂದರೆ ನಿನ್ನನ್ನು ಹಿಂದೆ ಕೂಡ್ರಿಸಿದವರು ಯಾರು? ನೀನೇ. ಬೇರೆ ಯಾರೂ ಇನ್ನೂ ಬಾಯಿ ತೆರೆದಿಲ್ಲ, ಅವರಿಗಿಂತ ಮೊದಲು ನೀನು ಎದ್ದು ಹಿಂದೆ ಹೋಗಿದ್ದೀ. ನಾಳೆ ಯಾರಾದರೂ ಅಂದರೆ ಅನ್ನಲಿ. ಅನ್ನುವವರಿಗೆ ಉತ್ತರ ಕೊಡುವ ಕೆಲಸ ನನಗೆ ಬಿಡು, ನನಗೆ ಮನೆಯಲ್ಲಿ ಬೇರೆ ಕೆಲಸವೂ ಇಲ್ಲ.

ಮುತ್ತಪ್ಪ ಇದ್ದಿದ್ದರೆ ಐರಾಣಿ ತರುವ ದಿನ ಬಾಜಾದವರ ಮುಂದೆ ತಾನೇ ಕುಣಿಯುತ್ತಿದ್ದ, ಅವನ ಕುಣಿತ ನೋಡಿ ಅವರ ತಾಳ ತಪ್ಪುತ್ತಿತ್ತು. ಆ ಜಾಗ ಖಾಲಿಯೇ ಇರುತ್ತದೆ, ಅದಕ್ಕೆ ನಾವು ಏನೂ ಮಾಡಲಾಗುವುದಿಲ್ಲ. ಅದರ ಬಾಜುವಿನ ಜಾಗವನ್ನೂ ನೀನು ಖಾಲಿ ಮಾಡಬೇಡ, ಮಗಳೇ.

ಐದನೆಯ ಗಡಿಗೆ ಎಲ್ಲಿ ಅಂತ ಪೂನಮ ಕೇಳುತ್ತಿದ್ದಾಳೆ. ಕೈ ನೋಯುತ್ತದೆ ಅಂತ ಹೇಳಿದ್ದೇನೆ. ಕೈ ಚೆನ್ನಾಗೇ ಇದೆ. ಐದನೆಯದು ಐಶ್ವರ್ಯಾಳ ಮೇಜಿನ ಮೇಲೆ ಬಿಳಿ ಇದ್ದದ್ದು ಬಿಳಿಯೇ ಇದೆ. ಅದು ನಿನ್ನದು. ಬರುವ ರವಿವಾರ ಮುಂಜಾನೆಯ ಬಸ್ಸಿಗೆ ಬಾ. ನನಗೆ ಬರೆಯಲು ಬರುವುದಿಲ್ಲ ಅನ್ನಬೇಡ, ನೀನು ಹಾಕಿದ ರಂಗೋಲಿ ನಾನು ನೋಡಿದ್ದೇನೆ, ಎಂದೂ ಎರಡು ಬದಿ ಸರಿ ಕೂಡಿದ್ದಿಲ್ಲ. ಸೊಟ್ಟ ಬಳ್ಳಿ ನನ್ನದರಲ್ಲೂ ಇದೆ. ಎರಡೂ ಒಂದಕ್ಕೊಂದು ಜೋಡಿಯಾಗುತ್ತವೆ.

ನೀನು ಬರದಿದ್ದರೆ ನಾನು ಅಳುವುದಿಲ್ಲ, ಬೈಯುವುದಿಲ್ಲ. ಆ ಗಡಿಗೆಯನ್ನು ಬೋಳಾಗಿಯೇ ಹಂದರದಲ್ಲಿ ಇಡಿಸುತ್ತೇನೆ. ಇದೊಂದಕ್ಕೆ ಯಾಕೆ ಬಣ್ಣವಿಲ್ಲ ಅಂತ ಬೀಗರು ಕೇಳಿದರೆ, ಅದು ಹುಡುಗಿಯ ತಾಯಿಯದು ಅನ್ನುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತಿದೆ.

ಬರುವಾಗ ನಿನ್ನ ಕೈಯ ಕೆಂಪು ಖಾರ ಒಂದು ಡಬ್ಬಿ ತಾ. ಇಲ್ಲಿ ಭರಮಣ್ಣನ ಹೆಂಡತಿ ಮಾಡುವ ಖಾರಕ್ಕೆ ಬಣ್ಣವೂ ಇಲ್ಲ, ಸಿಟ್ಟೂ ಇಲ್ಲ. ಅವಳಿಗೆ ಇದನ್ನು ಓದಿ ಹೇಳಬೇಡ.

ಬಸ್ಸಿನ ಹಾದಿ ನೋಡುತ್ತಾ,
ನಿನ್ನ ಅವ್ವ
ಸಾತವ್ವ

ತಾ.ಕ.: ಬೆಂಕಿಯ ಮೋಸ ಅಂತ ಮೇಲೆ ಬರೆದದ್ದು ಮೊದಲನೆಯ ಗಡಿಗೆಯ ಮಟ್ಟಿಗೆ ಖರೇ. ಉಳಿದವಕ್ಕೂ ಅದೇ ಬೂದಿಯ ಬಟ್ಟಲು ಎಳೆದುಕೊಂಡಾಗ ಅದು ಏನಾಗಿ ಹೊರಬರುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಚ್ಚಿದೆ. ಪೂನಮಳಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಆ ಬಟ್ಟಲು ನಿನಗೂ ತೆಗೆದಿಟ್ಟಿದ್ದೇನೆ. ನೇರ ಹಸಿರಿಗೆ ಕೈ ಹಾಕಲು ಹೆದರಿಕೆಯಾದರೆ, ಬೂದಿಯಿಂದಲೇ ಶುರು ಮಾಡು.